ಬಸಣ್ಣ ಬಾಗಿಲ ತನಕ ಬಂದ

ಅಂಗಿಯ ಗುಂಡಿ ಹಾಕಿಕೊಳ್ಳುವಾಗ ನಾವು ಯಾರೂ ಗುಂಡಿಯ ಬಗ್ಗೆ ಯೋಚಿಸುವುದಿಲ್ಲ. ಹಿಡಿಯಬೇಕಾದ ಬಸ್ಸನ್ನೋ, ಒಲೆಯ ಮೇಲಿಟ್ಟ ಹಾಲನ್ನೋ ನೆನೆಯುತ್ತಿರುವಾಗಲೇ ಬೆರಳುಗಳು ತಮ್ಮ ಪಾಡಿಗೆ ಕೆಲಸ ಮುಗಿಸಿರುತ್ತವೆ. ನನ್ನ ಅಣ್ಣ ಬಸಣ್ಣನಿಗೆ ಮಾತ್ರ ಅದು ಬೆಳಗಿನ ದೊಡ್ಡ ಉದ್ಯೋಗವಾಗಿತ್ತು. ಹುಟ್ಟಿನಿಂದಲೇ ಅವನಿಗೆ ಬುದ್ಧಿ ನಿಧಾನ, ಕೈಗಳಲ್ಲಿ ನಡುಕ. ಹರಿಹರದ ನಮ್ಮ ಮನೆಯಲ್ಲಿ ಅವ್ವ ಇರುವವರೆಗೆ ಅವನು ಗುಂಡಿ ಮುಟ್ಟಿದವನೇ ಅಲ್ಲ. ಅವನ ಕೂದಲು ನರೆಯತೊಡಗಿದ ಮೇಲೂ ಅವ್ವ ಅನ್ನ ಕಲಸಿ ಬಾಯಿಗಿಡುತ್ತಿದ್ದಳು. ಅದು ಪ್ರೀತಿಯಲ್ಲವೆಂದು ಯಾರು ಹೇಳಿಯಾರು?

ಅವ್ವ ತೀರಿಕೊಂಡಾಗ ನಾನು ದಾವಣಗೆರೆಯಲ್ಲಿ ಶಿಕ್ಷಕಿ, ಎಂ.ಸಿ.ಸಿ. ಬಡಾವಣೆಯ ಮಹಡಿಯೊಂದರಲ್ಲಿ ಒಂಟಿ ಕೋಣೆಯ ಬಾಡಿಗೆ ವಾಸ. ನಾನು ಶಾಲೆಗೆ ಹೋದರೆ ಸಂಜೆಯವರೆಗೆ ಅವನಿಗೆ ದಿಕ್ಕಿಲ್ಲ. ಆಗ ಯಾರೋ ವಿನೋಬನಗರದ ಜುಬೇದಾ ಅವರ ಮನೆಯ ವಿಷಯ ಹೇಳಿದರು. ನರ್ಸಾಗಿ ನಿವೃತ್ತರಾದ ಆಕೆ ಬಸಣ್ಣನಂಥ ನಾಲ್ಕಾರು ಮಂದಿಯನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದರು. ಉರ್ದುವಿನಲ್ಲಿ ಅಕ್ಕನಿಗೆ ಆಪಾ ಎನ್ನುತ್ತಾರಲ್ಲ, ಎಲ್ಲರಿಗೂ ಆಕೆ ಆಪಾ. ಎಪ್ಪತ್ತರ ದಶಕದ ಆ ಕಾಲದಲ್ಲಿ ಇಂಥ ಮನೆಯನ್ನು ಏನೆಂದು ಕರೆಯಬೇಕೆಂದು ಊರಿಗೇ ತಿಳಿದಿರಲಿಲ್ಲ.

ಅವನನ್ನು ಅಲ್ಲಿ ಬಿಟ್ಟ ಮೇಲೆ ಮೊದಲ ಭಾನುವಾರ ನೋಡಲು ಹೋದಾಗ ಬಸಣ್ಣನ ಗುಂಡಿಗಳು ಒಂದರ ಜಾಗದಲ್ಲಿ ಇನ್ನೊಂದು ಕೂತು, ಅಂಗಿ ಒಂದು ಬದಿಗೆ ಜೋತಿತ್ತು. ಸರಿಮಾಡಲು ಹೋದೆ, ಅವನು ನನ್ನ ಕೈಯನ್ನು ಮೆಲ್ಲಗೆ ಸರಿಸಿದ. ಹತ್ತಿರದಲ್ಲೇ ಸೊಪ್ಪು ಸೋಸುತ್ತ ಕೂತಿದ್ದ ಆಪಾ ಅವನ ಮೇಲೆ ಕಣ್ಣಿಟ್ಟಿದ್ದರೇ ಹೊರತು ಎದ್ದು ಬರಲಿಲ್ಲ. ನಮ್ಮ ಭಾಷೆಯಲ್ಲಿ ಕಾಯುವುದೆಂದರೆ ರಕ್ಷಿಸುವುದೂ ಹೌದು, ತಾಳ್ಮೆಯಿಂದ ಎದುರುನೋಡುವುದೂ ಹೌದು. ಆಪಾ ಎರಡನ್ನೂ ಒಟ್ಟಿಗೇ ಮಾಡುತ್ತಿದ್ದರು.

ಕ್ರಮೇಣ ಬಸಣ್ಣ ಸ್ಟೋವಿನ ಮೇಲೆ ಚಹಾ ಮಾಡುವುದನ್ನೂ ಕಲಿತ. ಒಮ್ಮೆ ಬಿಸಿ ಪಾತ್ರೆ ತಾಗಿ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಅದೇ ದಿನ ಹರಿಹರದ ಹತ್ತಿರದ ಸಾರಥಿ ಎಂಬ ಹಳ್ಳಿಯಿಂದ ಚಿಕ್ಕಪ್ಪ ಅವನನ್ನು ನೋಡಲು ಬಂದಿದ್ದರು, ನಾನೂ ಜೊತೆಗಿದ್ದೆ.

"ನೋಡ್ಕೊಳ್ಳಾಕಂತ ಬಿಟ್ರೆ ಒಲೆ ಮುಂದ ನಿಲ್ಲಿಸೀರಲ್ರಿ," ಎಂದರು ಚಿಕ್ಕಪ್ಪ.

ಆಪಾ ನುಣುಚಿಕೊಳ್ಳಲಿಲ್ಲ. ತಾವು ಪಕ್ಕದಲ್ಲೇ ಇದ್ದರೂ ಪಾತ್ರೆ ತಾಗಿದ್ದು, ಕೂಡಲೇ ತಣ್ಣೀರು ಸುರಿದು ಮುಲಾಮು ಹಚ್ಚಿದ್ದು, ಎಲ್ಲ ಹೇಳಿದರು. ಆಮೇಲೆ, "ಗಾಯ ಆಗೈತೆ, ಇಲ್ಲ ಅನ್ನಲ್ಲ. ಆದ್ರ ಇರಬೇಕೋ ಹೋಗಬೇಕೋ ಅಂತ ಬಸಣ್ಣನ್ನ ಕೇಳ್ರಿ," ಎಂದರು.

ಚಿಕ್ಕಪ್ಪನಿಗೆ ಆ ಮಾತೇ ವಿಚಿತ್ರವೆನಿಸಿತು. ಅವನನ್ನೇನು ಕೇಳುವುದೆಂದು, ಕೈಹಿಡಿದು ಸಾರಥಿಗೆ ಕರೆದೊಯ್ದೇಬಿಟ್ಟರು.

ಅಲ್ಲಿ ಅವನಿಗೆ ಯಾವ ಕೊರತೆಯೂ ಇರಲಿಲ್ಲ. ಚಿಕ್ಕಮ್ಮ ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ, ಮುರಿದು ಬಾಯಿಗಿಡುತ್ತಿದ್ದಳು. ಕೆಲವು ವಾರಗಳ ನಂತರ ನಾನು ಹೋದಾಗ ಬಸಣ್ಣ ಪಡಸಾಲೆಯ ಮಂಚದ ಮೇಲೆ, ಬೇರೆ ಯಾರದೋ ಕೈಗಳೆಂಬಂತೆ ತನ್ನ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಮಾತು ನಿಂತುಹೋಗಿತ್ತು. ಬೆಳಿಗ್ಗೆ ಎದ್ದವನೇ ಅಡುಗೆಮನೆಯ ತನಕ ಹೋಗಿ ನಿಲ್ಲುತ್ತಾನೆ, ಬಾ ಎಂದರೆ ಸುಮ್ಮನೆ ತಿರುಗಿ ಬರುತ್ತಾನೆ ಎಂದು ಚಿಕ್ಕಪ್ಪ ತಗ್ಗಿದ ದನಿಯಲ್ಲಿ ಹೇಳಿದರು. ತುಸು ಹೊತ್ತಿನ ಮೇಲೆ ಅವನ ಪಕ್ಕ ಕೂತು, ಅಂದು ಕೇಳದೆ ಬಿಟ್ಟದ್ದನ್ನು ಕೇಳಿದರು.

"ಬಸಣ್ಣ, ನಿಂಗ ಎಲ್ಲಿರಬೇಕು ಅನಸ್ತೈತಪ್ಪ?"

ಉತ್ತರ ಬರುವುದಕ್ಕೆ ಬಹಳ ಹೊತ್ತಾಯಿತು. ಚಿಕ್ಕಪ್ಪ ಅವಸರಿಸದೆ ಕಾದರು.

"ಆಪಾನ ಮನ್ಯಾಗ," ಎಂದ ಬಸಣ್ಣ.

ಮರುದಿನ ಬಸ್ಸಿನಲ್ಲಿ ಚಿಕ್ಕಪ್ಪನೇ ಅವನನ್ನು ಕರೆತಂದರು, ಜೊತೆಗೆ ನಾನೂ ಬಂದೆ. ಆಪಾ ಹಳೆಯ ಮಾತೆತ್ತದೆ ಚಾಪೆ ಹಾಸಿದರು. ಅಂಗೈ ಮಾಯಿದೆಯೇ ಎಂದು ತಿರುಗಿಸಿ ನೋಡಿದರು. ಬಿಸಿ ಪಾತ್ರೆ ಹಿಡಿಯಲೆಂದು ದಪ್ಪ ಬಟ್ಟೆಯ ಚೀಲವೊಂದನ್ನು ಅವನ ಕೈಯಳತೆಗೆ ಹೊಲಿದಿಟ್ಟಿದ್ದರು. ಅವನು ಬರುತ್ತಾನೆಂದು ಅವರಿಗೆ ಹೇಳಿದವರು ಯಾರೂ ಇರಲಿಲ್ಲ.

ಸಂಜೆ ನಾವು ಹೊರಟಾಗ ಬಸಣ್ಣ ಬಾಗಿಲ ತನಕ ಬಂದ. ಅದುವರೆಗೆ ಅವನನ್ನು ಎಲ್ಲಿಗಾದರೂ ಕರೆದೊಯ್ಯುವವರು ನಾವು, ಎಲ್ಲಿಯಾದರೂ ಬಿಟ್ಟುಬರುವವರೂ ನಾವು. ಇನ್ನೊಬ್ಬರನ್ನು ಬೀಳ್ಕೊಡುವ ಭಾಗ್ಯ ಅವನ ಪಾಲಿಗೆ ಬಂದೇ ಇರಲಿಲ್ಲ. ಈಗ ಹೊಸ್ತಿಲೊಳಗೆ ನೆಟ್ಟಗೆ ನಿಂತು, "ಹೋಗಿ ಬರ್ರಿ, ಚಿಕ್ಕಪ್ಪ," ಎಂದ.

ಚಿಕ್ಕಪ್ಪ ಅವನಿಗೆ ಕೈಮುಗಿದರು, ನೆಂಟರ ಮನೆಯಿಂದ ಹೊರಡುವಾಗ ಆ ಮನೆಯ ಯಜಮಾನನಿಗೆ ಮುಗಿಯುವಂತೆ. ನಾವು ಓಣಿಯ ತಿರುವಿಗೆ ಬರುವಷ್ಟರಲ್ಲಿ ಹಿಂದೆ ಬಾಗಿಲು ಹಾಕಿಕೊಂಡ ಸದ್ದು, ಆಮೇಲೆ ತಡವರಿಸಿ ತಡವರಿಸಿ ಚಿಲಕ ಕೂತ ಸದ್ದು ಕೇಳಿಸಿತು.