ಹನ್ನೆರಡು ಗಂಟೆಯ ಫೋಟೋ

ಎಂಬತ್ತರ ದಶಕದಲ್ಲಿ ನಾನು ದಕ್ಷಿಣ ಧ್ರುವದ ಹಿಮಖಂಡಕ್ಕೆ ಹಡಗಿನಲ್ಲಿ ಹೋಗಿಬಂದೆ. ಹೀಗೆಂದ ತಕ್ಷಣ ಜನ ನನ್ನನ್ನು ವಿಜ್ಞಾನಿ ಎಂದುಕೊಂಡು ಕುರ್ಚಿ ಎಳೆದು ಹಾಕುತ್ತಾರೆ. ನಾನು ಹಿರೇಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಜನರೇಟರ್ ಮೆಕ್ಯಾನಿಕ್ ಆಗಿದ್ದೆ, ಅಷ್ಟೇ. ಹಿಮದ ಮೇಲೆ ಶಿಬಿರ ಹೂಡುವ ವಿಜ್ಞಾನಿಗಳಿಗೂ ಕರೆಂಟು ಬೇಕಲ್ಲ! ನಮ್ಮಲ್ಲಿ ರಿಪೇರಿಯಾದ ಜನರೇಟರುಗಳ ಜೊತೆ ಒಬ್ಬ ಆಳನ್ನೂ ಕಳಿಸಿ ಎಂದರು. ಉಳಿದವರು ಬುದ್ಧಿವಂತರು, ಒಲ್ಲೆ ಎಂದರು. ನಾನು ಹೂಂ ಎಂದೆ.

ಅಪ್ಪ ಗುಬ್ಬಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೂಗೋಳ ಪಾಠ ಮಾಡಿ ರಿಟೈರಾದವರು. ಒಮ್ಮೆಯೂ ಸಮುದ್ರ ನೋಡಿದವರಲ್ಲ. ಶಾಲೆಯ ನಕಾಶೆಯಲ್ಲಿ ದಕ್ಷಿಣ ಧ್ರುವ ಇರುವ ಜಾಗಕ್ಕೆ ಮರದ ಕೋಲು ಸೇರಿಸಿ ಮೊಳೆ ಹೊಡೆದಿದ್ದರಿಂದ ಅದನ್ನೂ ನೋಡಿದವರಲ್ಲ. ಆದರೂ ಪ್ರತಿ ವರ್ಷ, ಆ ಹಿಮಖಂಡದ ತೀರದಲ್ಲಿ ಬೇಸಿಗೆಗೆ ನಡುರಾತ್ರಿಯೂ ಸೂರ್ಯ ಮುಳುಗುವುದಿಲ್ಲ, ನೆಲದ ಅಂಚಿಗೆ ಬಂದು, ಮುಟ್ಟದೆ, ಮತ್ತೆ ಮೇಲೇಳುತ್ತಾನೆ ಎಂದು ಕೈಯಾಡಿಸಿ ತೋರಿಸುತ್ತಿದ್ದರು. ಹುಡುಗರು ಅವರಿಗೆ ಇಟ್ಟಿದ್ದ ಹೆಸರು 'ಮುಳುಗದ ಮೇಷ್ಟ್ರು'.

ಒಂದು ದಿನ ಶಾಲಾ ಕಮಿಟಿಯ ಅಧ್ಯಕ್ಷರು, ದೊಡ್ಡ ತೆಂಗಿನ ತೋಟದ ಯಜಮಾನರು, ಕ್ಲಾಸಿನ ಬಾಗಿಲಿಗೇ ಬಂದು ನಿಂತರು.

"ಏನ್ ಮೇಷ್ಟ್ರೇ, ಹುಡುಗ್ರಿಗೆ ಇಲ್ಲದ್ದೆಲ್ಲ ಹೇಳ್ಕೊಡ್ತಿದೀರಂತೆ? ಆ ಮುಳುಗ್ದೇ ಇರೋ ಸೂರ್ಯನ್ನ ನೀವ್ ನೋಡಿದೀರಾ?"

"ಇಲ್ಲ," ಎಂದರು ಅಪ್ಪ. ಇಡೀ ಕ್ಲಾಸು ಹೋ ಎಂದು ನಕ್ಕಿತು. ಮೂರನೇ ಬೆಂಚಿನಲ್ಲಿದ್ದ ನಾನೂ ನಕ್ಕೆ. ಅಪ್ಪ ಅದನ್ನು ನೋಡಿದರು. ಆ ವರ್ಷ ಭೂಗೋಳದಲ್ಲಿ ಅರ್ಧ ಮಾರ್ಕಿನಿಂದ ಸ್ವಂತ ಅಪ್ಪನ ಕೈಯಲ್ಲೇ ಫೇಲಾದೆ.

ಇಂಥ ನಾನು ಧ್ರುವಕ್ಕೆ ಹೊರಟೆ ಎಂದಾಗ ಅಪ್ಪ ಒಳಗೆ ಹೋಗಿ, ತಮ್ಮನ್ನು ದಿನಾ ನಾಲ್ಕೂವರೆಗೆ ಎಬ್ಬಿಸುತ್ತಿದ್ದ ಟೈಂಪೀಸ್ ತಂದು ನನ್ನ ಕೈಗಿಟ್ಟರು.

"ಒಂದೇ ಒಂದ್ ಫೋಟೋ ಸಾಕು ಕಣೋ. ರಾತ್ರಿ ಹನ್ನೆರಡಕ್ಕೆ ಇದನ್ನ ಹಿಡ್ಕೊಂಡು ನಿಂತ್ಕೋ. ಗಡಿಯಾರ ಕಾಣ್ಬೇಕು, ಬಿಸಿಲೂ ಕಾಣ್ಬೇಕು. ಊರೋರಿಗೆ ತೋರಿಸ್ಬೇಕು ನಾನು. ಇನ್ನೇನೂ ತರ್ಬೇಡ."

ಇನ್ನೇನೂ ಬೇಡ ಎಂದವರು ಅವರೊಬ್ಬರೇ. ಕುಣಿಗಲ್ಲಿನ ಅತ್ತೆ ನೈಲಾನ್ ಸೀರೆ, ಸೆಂಟು, ಟಾರ್ಚು ಎಂದು ಪಟ್ಟಿ ಬರೆಸಿದರು. ಅಲ್ಲಿ ಅಂಗಡಿಯೇ ಇಲ್ಲ ಅತ್ತೆ ಎಂದರೆ, "ಅಂಗಡಿ ಇಲ್ದಿರೋ ಫಾರಿನ್ ಎಲ್ಲೈತ್ಲಾ? ತರಾಕ್ ಮನ್ಸಿಲ್ಲ ಅನ್ನು, ಬುಡು," ಎಂದು ಮುಖ ತಿರುಗಿಸಿದರು.

ಗೋವಾದಿಂದ ಹಡಗು ಹೊರಟಿತು. ದೊಡ್ಡ ಅಲೆಗಳ ಸಮುದ್ರ ಸಿಕ್ಕಮೇಲೆ ನನ್ನ ಹೊಟ್ಟೆಯೊಳಗೆ ಹೋದದ್ದಕ್ಕಿಂತ ಹೊರಗೆ ಬಂದದ್ದೇ ಹೆಚ್ಚು. ದೊಡ್ಡ ದೊಡ್ಡ ಡಿಗ್ರಿಯವರೂ ನನ್ನ ಪಕ್ಕದಲ್ಲೇ ಬಕೆಟ್ ಹಿಡಿದು ಕೂತಿದ್ದರು. ಅಷ್ಟು ಸಮಾನತೆಯನ್ನು ನಾನು ಮತ್ತೆಲ್ಲೂ ಕಾಣಲಿಲ್ಲ. ಮೊದಲ ಹಿಮದ ಗುಡ್ಡ ಕಂಡಾಗ ಮಾತ್ರ ವಾಂತಿಯೂ ಮರೆತುಹೋಯಿತು. ದೇವರಾಯನದುರ್ಗದ ಬೆಟ್ಟಕ್ಕೆ ಸುಣ್ಣ ಬಳಿದು ನೀರಿಗೆ ಬಿಟ್ಟ ಹಾಗಿತ್ತು. ಸದ್ದಿಲ್ಲ, ಮರವಿಲ್ಲ, ಮನುಷ್ಯನ ಸುಳಿವಿಲ್ಲ. ನಿಜ ಹೇಳುತ್ತೇನೆ, ನನಗೆ ಅಳು ಬಂತು.

ಐದು ನಿಮಿಷ ಅಷ್ಟೇ. ಆಮೇಲೆ ಎಲ್ಲರೂ ಕ್ಯಾಮೆರಾ ತೆಗೆದರು. ಹಿಮದ ಮೇಲೆ ಇಳಿದದ್ದೇ ತಡ, ಬಾವುಟ ಯಾರು ಹಿಡಿಯಬೇಕು, ಪೆಂಗ್ವಿನ್ ಪಕ್ಕ ಯಾರು ನಿಲ್ಲಬೇಕು ಎಂದು ಮಹಾಮಹಾ ವಿಜ್ಞಾನಿಗಳು ಕಿತ್ತಾಡಿದರು. ಪೆಂಗ್ವಿನ್‌ಗಳು ಸಾಲಾಗಿ ನಿಂತು ನಮ್ಮನ್ನು ನೋಡಿದವು. ನಾನೇನು ಕಡಿಮೆ? ಸಾಹೇಬರೊಬ್ಬರ ಕೆಂಪು ಜಾಕೆಟ್ ಕೇಳಿ ಹಾಕಿಕೊಂಡು, ಪೆಂಗ್ವಿನ್ ಜೊತೆ, ಟ್ರ್ಯಾಕ್ಟರ್ ಮೇಲೆ, ಜನರೇಟರಿಗೆ ಒರಗಿ ಸಿನಿಮಾ ಹೀರೋ ಥರ, ಹೀಗೆ ಮೂವತ್ತೈದು ಫೋಟೋ ಹೊಡೆಸಿಕೊಂಡೆ. ರೋಲಿನಲ್ಲಿ ಉಳಿದ ಒಂದೇ ಒಂದನ್ನು ಅಪ್ಪನಿಗೆಂದು ತೆಗೆದಿಟ್ಟೆ.

ಆದರೆ ನನ್ನ ಹಾಸಿಗೆ ಇದ್ದದ್ದು ಹಡಗಿನ ತಳದಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ. ದಿನವಿಡೀ ದುಡಿದು ಮಲಗಿದರೆ ಹನ್ನೆರಡಕ್ಕೆ ಯಾರು ಏಳುತ್ತಾರೆ? ಹಡಗು ಇಪ್ಪತ್ತು ದಿನ ಅಲ್ಲೇ ನಿಂತಿತ್ತು. ಇಪ್ಪತ್ತು ದಿನವೂ ಅಪ್ಪನ ಟೈಂಪೀಸ್ ಬಡಿದುಕೊಂಡಿತು, ಇಪ್ಪತ್ತು ದಿನವೂ ಅದರ ತಲೆಗೆ ಕುಟ್ಟಿ, ನಾಳೆ ತೆಗೆದರಾಯಿತು ಎಂದು ಮಗ್ಗುಲು ಬದಲಿಸಿದೆ. ಹೊರಡುವ ದಿನ ಮಧ್ಯಾಹ್ನ ನೆನಪಾಯಿತು. ಸಂಜೆಗೆ ಹಡಗು ಬಿಡುತ್ತದೆ, ಫೋಟೋ ಇಲ್ಲ! ಗಡಿಯಾರ ನೋಡಿದೆ. ಹನ್ನೆರಡಾಗುತ್ತಿತ್ತು. ಆಗ ಹೊಳೆಯಿತು ನೋಡಿ: ಗಡಿಯಾರಕ್ಕೇನು ಗೊತ್ತು, ಹಗಲಿನ ಹನ್ನೆರಡೂ ಒಂದೇ, ರಾತ್ರಿಯ ಹನ್ನೆರಡೂ ಒಂದೇ. ಸಿಕ್ಕವರೊಬ್ಬರ ಕೈಗೆ ಕ್ಯಾಮೆರಾ ಕೊಟ್ಟು, ಓಡಿಹೋಗಿ ಹಿಮದ ಮೇಲೆ ನಿಂತೆ. ಟೈಂಪೀಸನ್ನು ಎದೆಗೆ ಹಿಡಿದು ಹಲ್ಲು ಕಿರಿದೆ. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ತುಮಕೂರಿನ ಸ್ಟುಡಿಯೋದಲ್ಲಿ ಆ ಫೋಟೋವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ನೆಟ್ಟಗೆ ಶಾಲಾ ಕಮಿಟಿಯ ಅಧ್ಯಕ್ಷರಿಗೇ ಕೊಟ್ಟೆ. ಅವರು ನನಗೆಂದು ಇಟ್ಟಿದ್ದ ಸನ್ಮಾನದ ಸಭೆಯಲ್ಲೇ ಅಪ್ಪನಿಗೆ ತೋರಿಸೋಣ ಎಂದುಕೊಂಡಿದ್ದೆ. ಗುಬ್ಬಿಯ ಶಾಲೆಯಲ್ಲಿ ಶಾಮಿಯಾನ, ಮೈಕು, ನನಗೊಂದು ಮೈಸೂರು ಪೇಟ. ಸ್ವಾಗತ ಭಾಷಣದವರು ನನ್ನನ್ನು ಉತ್ತರ ಧ್ರುವಕ್ಕೆ ಕಳಿಸಿದರು. ನಾನು ತಿದ್ದಲಿಲ್ಲ. ಕೆಳಗಿನಿಂದ ಯಾರೋ, "ಬಿಳಿ ಕರಡಿ ಇದ್ವಾ?" ಎಂದು ಕೂಗಿದರು. ದಕ್ಷಿಣದಲ್ಲಿ ಕರಡಿ ಇಲ್ಲ ಎಂದು ಅಪ್ಪನೇ ಪಾಠ ಮಾಡಿದ್ದರು. ಆದರೂ ನಾನು ಮೈಕಿನಲ್ಲಿ, "ಎರಡು ನೋಡ್ದೆ," ಎಂದೆ. ಚಪ್ಪಾಳೆ ಬಿತ್ತು.

ಆಮೇಲೆ ಅಧ್ಯಕ್ಷರು ಎದ್ದರು. ಕ್ಲಾಸಿನ ಬಾಗಿಲಲ್ಲಿ ನಿಂತಿದ್ದ ಅದೇ ಅಧ್ಯಕ್ಷರು. ಅಪ್ಪನಿಗೂ ಒಂದು ಶಾಲು ಹೊದಿಸಿ, ಫೋಟೋ ಕೈಗಿತ್ತು, "ಮೇಷ್ಟ್ರೇ, ಅವತ್ತು ನಿಮ್ಮನ್ನ ನಗಾಡಿದ್ದೆ. ತಪ್ಪಾಯ್ತು. ನಡುರಾತ್ರೀಲಿ ಸೂರ್ಯ! ಇವತ್ತು ಕಣ್ಣಾರೆ ಕಂಡೆ. ಎರಡು ಮಾತಾಡಿ," ಎಂದರು.

ಅಪ್ಪ ಕನ್ನಡಕ ಸರಿಮಾಡಿಕೊಂಡು ಫೋಟೋ ನೋಡಿದರು. ಮುಖ ಅರಳಿತು. ಆಮೇಲೆ ಅವರ ಬೆರಳು ಫೋಟೋದ ಮೇಲಿಂದ ಕೆಳಕ್ಕೆ ಬಂದು ನನ್ನ ಕಾಲ ಬಳಿ ನಿಂತಿತು. ನಿಂತೇ ಇತ್ತು. ಮೈಕಿನ ಹತ್ತಿರ ಹೋಗಿ, "ಗಡಿಯಾರದಲ್ಲಿ ಹನ್ನೆರಡು ಗಂಟೆ ಆಗಿರೋದು ನಿಜ," ಎಂದಷ್ಟೇ ಹೇಳಿ ಬಂದು ಕೂತರು. ಇಡೀ ಶಾಲೆ ಎದ್ದು ಚಪ್ಪಾಳೆ ತಟ್ಟಿತು.

ಮನೆಗೆ ಬಂದು ಜಗಲಿಯಲ್ಲಿ ಕೂತಮೇಲೆ ಕೇಳಿದರು.

"ನೆರಳು ನೋಡಿದ್ಯೇನೋ?"

"ಯಾವ ನೆರಳು?"

"ನಿಂದೇ. ನಡುರಾತ್ರಿ ಸೂರ್ಯ ನೆಲಕ್ಕೆ ತಾಗೋ ಹಾಗಿರ್ತಾನೆ. ನಿನ್ ನೆರಳು ಫೋಟೋ ದಾಟ್ಕೊಂಡು ಆಚೆ ಹೋಗ್ಬೇಕಿತ್ತು. ಇದು ನೋಡಿದ್ರೆ ನಿನ್ನಷ್ಟುದ್ದಾನೇ ಇದೆ. ಮಟಮಟ ಮಧ್ಯಾಹ್ನ ಕಣೋ ಇದು."

ಅವರು ಫೋಟೋ ಪಕ್ಕಕ್ಕಿಟ್ಟು, "ಹೋಗ್ಲಿ, ಫೋಟೋ ಹಾಳಾಗ್ಲಿ. ನೀನಾದ್ರೂ ನೋಡಿದ್ಯಾ? ಅದನ್ನ ಹೇಳು, ಸಾಕು," ಎಂದರು.

ನೋಡಿದೆ ಎಂದಿದ್ದರೆ ಮುಗಿಯುತ್ತಿತ್ತು. ಮೈಕಿನ ಮುಂದೆ ಇಲ್ಲದ ಕರಡಿಯನ್ನೇ ನೋಡಿದ್ದ ಬಾಯಿಗೆ ಇದೇನು ಕಷ್ಟವಾಗಿರಲಿಲ್ಲ.

"ಇಲ್ಲಪ್ಪ. ಮಲಗಿದ್ದೆ."

"ಮೂವತ್ತು ವರ್ಷ ನಾನು ನಿಜ ಹೇಳ್ದೆ, ಒಬ್ರೂ ನಂಬ್ಲಿಲ್ಲ," ಎಂದರು ಅಪ್ಪ. "ಇವತ್ತು ಎಲ್ಲ ನಂಬಿದ್ರು. ನಿನ್ ಸುಳ್ಳನ್ನ."

ಹೆಗಲ ಮೇಲಿದ್ದ ಶಾಲನ್ನು ತೆಗೆದು, ನೀಟಾಗಿ ಮಡಿಸಿ, ನನ್ನ ತೊಡೆಯ ಮೇಲಿಟ್ಟರು.

"ತಗೋ. ಇದೂ ನಿಂದೇ," ಎಂದು ಹೇಳಿ, ನಾನು ವಾಪಸ್ ತಂದಿಟ್ಟಿದ್ದ ಟೈಂಪೀಸ್ ಎತ್ತಿಕೊಂಡು ಒಳಗೆ ಹೋದರು.