ತಿಪ್ಪವ್ವನಿಗೆ ಅರಮನೆ ಯಾಕೆ ಬೇಕಿತ್ತು?

ಕಳೆದ ವಾರವಿಡೀ ನಾನು ಸಿಟ್ಟಿನಲ್ಲಿದ್ದೆ. ಸಿಟ್ಟು ಬರಿಸಿದ್ದು ಅತ್ತೆಯಲ್ಲ, ಗಂಡನಲ್ಲ, ಒಂದು ಕಾದಂಬರಿಯ ನಾಲ್ಕನೆಯ ಭಾಗ. ಹೀಗೆಂದು ಹೇಳಿಕೊಳ್ಳಲು ನನ್ನ ವಯಸ್ಸಿನ ಹೆಂಗಸಿಗೆ ನಾಚಿಕೆಯಾಗಬೇಕು, ನಿಜ. ಆದರೆ ನಾಚಿಕೆಗೆ ಸಿಟ್ಟು ಜಾಗ ಬಿಟ್ಟರೆ ತಾನೆ? ಶಿಕಾರಿಪುರದಲ್ಲಿ ನಮ್ಮದು ಬೀಜ, ಗೊಬ್ಬರದ ಅಂಗಡಿ. ಯೂರಿಯಾ ಕೇಳಲು ಬಂದವರ ಮೇಲೂ ನಾನು ಹರಿಹಾಯ್ದದ್ದನ್ನು ನೋಡಿ ಹಳೆಯ ಗಿರಾಕಿಯೊಬ್ಬರು, ಅಮ್ಮಾರಿಗೆ ಮೈಯಾಗ ಹುಷಾರಿಲ್ಲೇನ್ರಿ ಎಂದು ನನ್ನ ಗಂಡನನ್ನು ಮೆಲ್ಲಗೆ ವಿಚಾರಿಸಿದರು. ಇವರು, ಇಲ್ರೀ, ಪುಸ್ತಕ ಓದ್ಯಾಳ ಎಂದರು. ವಿಷಮಶೀತ ಜ್ವರ ಎನ್ನುವಾಗಲೂ ಜನ ಅಷ್ಟು ಗಂಭೀರವಾಗಿ ಹೇಳುವುದಿಲ್ಲ.

ಆ ಕಾದಂಬರಿ ಮಾಲೆಯನ್ನು ನಾವು ಮನೆಯಲ್ಲಿ 'ಹೊಗೆಮಲೆ' ಎಂದು ಕರೆಯುತ್ತೇವೆ, ಅದರ ರಾಜ್ಯದ ಹೆಸರು ಅದು. ಮಂತ್ರವಾದಿಗಳು, ಮಾತಾಡುವ ಹದ್ದುಗಳು, ಬೆಂಕಿ ಉಗುಳುವ ಸರ್ಪಗಳು ಎಲ್ಲ ಉಂಟು. ಆದರೆ ನಾವು ಮನಸೋತದ್ದು ಇವರಾರಿಗೂ ಅಲ್ಲ, ಸುಂಕದ ಕಟ್ಟೆಯ ತಿಪ್ಪವ್ವನಿಗೆ. ಒಂದು ಕಾಲು ಕುಂಟು, ಮಂತ್ರ ಬಾರದು, ಕತ್ತಿ ಹಿಡಿದವಳಲ್ಲ. ಬೋರಲು ಹಾಕಿದ ಬುಟ್ಟಿಯ ಮೇಲೆ ಕೂತು, ಬೆಟ್ಟದ ದಾರಿಯಲ್ಲಿ ಹೋಗುವವರಿಂದ ಸುಂಕ ವಸೂಲಿ ಮಾಡುವ ಹೆಂಗಸು. ಮೊದಲ ಭಾಗದಲ್ಲಿ ಸರ್ಪಗಳ ದಂಡು ಬಂದು ನಿಂತಾಗ ಎಲ್ಲರೂ ಓಡಿಹೋಗುತ್ತಾರೆ, ಇವಳೊಬ್ಬಳು ಏಳುವುದಿಲ್ಲ. ಸುಂಕ ಕೊಟ್ಟು ಮುಂದಕ್ಕೆ ಹೋಗು ಎನ್ನುತ್ತಾಳೆ, ದಂಡು ತಡೆದು ನಿಲ್ಲುತ್ತದೆ. ಅಷ್ಟೇ. ಅದನ್ನು ಓದಿದ ಮಧ್ಯಾಹ್ನ ನಾನು ಅಂಗಡಿಯಲ್ಲಿ ಊಟ ಮರೆತಿದ್ದೆ.

'ನಾವು' ಎಂದೆನಲ್ಲ, ನಾನು ಮತ್ತು ನನ್ನ ತಂಗಿ ಗಿರಿಜೆ. ಅವಳನ್ನು ಕೊಟ್ಟಿರುವುದು ಸೊರಬ ತಾಲ್ಲೂಕಿನ ಜಡೆಗೆ. ನಾನು ಓದಿದ ಪುಸ್ತಕ ಅವಳಿಗೆ ಹೋಗುತ್ತದೆ, ಆಮೇಲೆ ಫೋನಿನಲ್ಲಿ ಇಬ್ಬರೂ ಅದನ್ನು ಮತ್ತೊಮ್ಮೆ ಓದುತ್ತೇವೆ. ಗಿರಿಜೆ ಗಟ್ಟಿ ಹೆಂಗಸೇನೂ ಅಲ್ಲ. ಬಸ್ಸಿನಲ್ಲಿ ಚಿಲ್ಲರೆ ಕೇಳಲೂ ಹಿಂಜರಿಯುವವಳು. ಹೋದ ವರ್ಷ ಅವರ ಗದ್ದೆಗಳಿಗೆ ಹೋಗುವ ಗಾಡಿ ದಾರಿಗೆ ಒಬ್ಬ ಬೇಲಿ ಹಾಕಲು ಹೊರಟ. ದಾರಿಯ ತಲೆಯ ಜಮೀನನ್ನು ಹೊಸದಾಗಿ ಕೊಂಡಿದ್ದವನು. ಭತ್ತ ಕಟಾವಿಗೆ ಬಂದಿತ್ತು, ದಾರಿ ಮುಚ್ಚಿದರೆ ಯಂತ್ರ ಒಳಗೆ ಹೋಗುವಂತಿರಲಿಲ್ಲ. ಗಂಡಸರು ಸೇರಿ ತಾಲ್ಲೂಕು ಕಚೇರಿಗೆ ಅರ್ಜಿ ಕೊಡುವ ವಿಚಾರವನ್ನು ಚರ್ಚಿಸುತ್ತಲೇ ಇದ್ದರು. ಗಿರಿಜೆ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ಒಯ್ದು, ಕಂಬ ನೆಡಲು ಗುಂಡಿ ತೆಗೆಯುತ್ತಿದ್ದ ಜಾಗದಲ್ಲಿ ಹಾಕಿಕೊಂಡು ಕೂತಳು. ಬಯ್ದರೂ ಏಳಲಿಲ್ಲ, ಪುಸಲಾಯಿಸಿದರೂ ಏಳಲಿಲ್ಲ. ಇಳಿಹೊತ್ತಿಗೆ ಇನ್ನಷ್ಟು ಹೆಂಗಸರು ಕುರ್ಚಿ ತಂದರು. ಕೊನೆಗೆ ಸರ್ವೆಯವರು ಬಂದು ನಕಾಶೆಯಲ್ಲಿ ದಾರಿ ಇದೆ ಎಂದರು, ಕಂಬಗಳು ವಾಪಸು ಹೋದವು. ಅಲ್ಲಿ ಕೂತಾಗ ತಿಪ್ಪವ್ವನ ನೆನಪಾಯಿತು ಎಂದು ಅವಳು ನನಗೊಬ್ಬಳಿಗೇ ಹೇಳಿದ್ದಳು.

ಊರಿನವರು ಮಾತ್ರ ಬೇರೆ ಕಾರಣ ಹುಡುಕಿಕೊಂಡರು. ನಮ್ಮ ತಾಯಿಯ ತಂದೆ ಹಿಂದೊಂದು ಕಾಲದಲ್ಲಿ ಪಟೇಲರಾಗಿದ್ದರು. ಪಟೇಲರ ಮೊಮ್ಮಗಳಲ್ಲವೇ, ರಕ್ತ ಎಲ್ಲಿ ಹೋಗುತ್ತದೆ ಎಂದರು. ಆ ಪಟೇಲರನ್ನು ನಾವು ಕಣ್ಣಾರೆ ಕಂಡವರು. ಮೈಮೇಲೆ ಹಲ್ಲಿ ಬಿದ್ದರೆ ಪಂಚಾಂಗ ನೋಡದೆ ಹೊಸ್ತಿಲು ದಾಟುತ್ತಿರಲಿಲ್ಲ, ಕತ್ತಲಾದ ಮೇಲೆ ಹಿತ್ತಲಿಗೆ ಹೋಗಲು ಅಜ್ಜಿ ಜೊತೆಗೆ ಬರಬೇಕಿತ್ತು. ಧೈರ್ಯ ಆ ಪುಣ್ಯಾತ್ಮರ ರಕ್ತದಿಂದ ಬಂದಿದ್ದರೆ ಗಿರಿಜೆ ಕುರ್ಚಿ ಒಯ್ಯುವುದಿರಲಿ, ಬಾಗಿಲೇ ತೆಗೆಯುತ್ತಿರಲಿಲ್ಲ. ಆದರೂ ಅವಳು ನಕ್ಕು ಸುಮ್ಮನಾಗಿದ್ದಳು.

ಈಗ ನಾಲ್ಕನೆಯ ಭಾಗಕ್ಕೆ ಬನ್ನಿ. ಕಾದು ಕಾದು ತರಿಸಿದ ಪುಸ್ತಕ. ಅದರ ನಡುವಿನಲ್ಲಿ ಒಬ್ಬ ಮುದಿ ಮಂತ್ರವಾದಿ ತಿಪ್ಪವ್ವನ ಭುಜದ ಮೇಲೆ ಚಂದ್ರನ ಮಚ್ಚೆ ಕಂಡುಹಿಡಿಯುತ್ತಾನೆ. ಅವಳು ತೊಟ್ಟಿಲಲ್ಲೇ ಕಳೆದುಹೋದ ರಾಜಕುಮಾರಿಯಂತೆ! ಸರ್ಪಗಳು ಅಂದು ತಡೆದು ನಿಂತದ್ದು ಅವಳ ಮಾತಿಗಲ್ಲ, ರಾಜರಕ್ತದ ವಾಸನೆಗಂತೆ! ಕುಂಟು ಕಾಲು ಕೂಡ ಶಾಪವಂತೆ, ಪಟ್ಟಕ್ಕೇರಿದ ಕೂಡಲೇ ನೆಟ್ಟಗಾಗುತ್ತದೆ. ನಾನು ಪುಸ್ತಕವನ್ನು ಗೊಬ್ಬರದ ಚೀಲಗಳ ಮೇಲೆ ಎಸೆದೆ. ಹೋಗ್ಲಿ ಬಿಡು, ಕಥಿ ತಾನೆ ಎಂದರು ಇವರು. ಕಥೆ ಎಂದೇ ಸಿಟ್ಟು. ನಿಜದಲ್ಲಿ ಹೀಗಾದರೆ ವಿಧಿಯನ್ನು ಬಯ್ಯಬಹುದು. ಇಲ್ಲಿ ಒಬ್ಬ ಮನುಷ್ಯ ಬುದ್ಧಿ ಇಟ್ಟುಕೊಂಡೇ ಕೂತು ಇದನ್ನು ಬರೆದಿದ್ದಾನೆ.

ನಮ್ಮ ಅಜ್ಜಿ ಕಥೆಗಳಿಗೂ ಈ ರೋಗ ಹಳೆಯದು ಎಂದು ಬಲ್ಲೆ. ಕುರಿ ಕಾಯುವ ಹುಡುಗ ರಾಕ್ಷಸನನ್ನು ಕೊಂದನೋ, ಅವನು ಕುರುಬರ ಮಗನಾಗಿ ಉಳಿಯುವಂತಿಲ್ಲ. ಎಲ್ಲಿಂದಲೋ ಒಂದು ಉಂಗುರ ಬಂದು ಅವನನ್ನು ರಾಜಪುತ್ರನನ್ನಾಗಿ ಮಾಡಿಬಿಡುತ್ತದೆ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆಯೂ ನಮ್ಮದೇ. ನೂಲು ಒಳ್ಳೆಯದಿದ್ದೂ ಸೀರೆ ಕೆಟ್ಟದ್ದನ್ನು ನೋಡದವರು ಕಟ್ಟಿದ್ದಿರಬೇಕು.

ಗಿರಿಜೆಗೆ ಈ ಪುಸ್ತಕ ಕೊಡಬಾರದೆಂದು ನಿಶ್ಚಯಿಸಿದೆ. ಇನ್ನೂ ಬಂದಿಲ್ಲ ಕಣೇ ಎಂದು ಫೋನಿನಲ್ಲಿ ಸುಳ್ಳು ಹೇಳಿದೆ. ಅವಳು ಸೊರಬದ ಅಂಗಡಿಯಲ್ಲಿ ತಾನೇ ಕೊಂಡು ಓದಿಬಿಟ್ಟಳು. ಆಮೇಲೆ ಫೋನ್ ಮಾಡಿ, ಓದಿದೆ ಅಕ್ಕ ಎಂದವಳು ಬೇರೇನೂ ಹೇಳಲಿಲ್ಲ. ಮೂರು ಭಾಗಗಳ ಬಗ್ಗೆ ಗಂಟೆಗಟ್ಟಲೆ ಮಾತಾಡಿದವಳ ಆ ಮೌನ ಕೇಳಿ ನಾನು ಮರುದಿನವೇ ಬಸ್ಸು ಹತ್ತಿ ಸೊರಬಕ್ಕೆ ಹೋಗಿ, ಅಲ್ಲಿಂದ ಜಡೆಗೆ ಹೋದೆ.

ಹೋದಾಗ ಜಗುಲಿಯ ಮೇಲೆ ಅವಳ ಗಂಡನ ದೊಡ್ಡಪ್ಪ ಬಸಣ್ಣ ಮಾವ ಚಹಾ ಕುಡಿಯುತ್ತಿದ್ದರು. ನನ್ನನ್ನು ಕಂಡದ್ದೇ ದಾರಿಯ ಪ್ರಕರಣ ತೆಗೆದು ತಂಗಿಯನ್ನು ಹೊಗಳಿದರು. ಹೊಗಳಿಕೆ ಬಂದು ನಿಂತದ್ದು ಮಾಮೂಲಿ ಜಾಗಕ್ಕೆ.

"ಎಷ್ಟಂದ್ರೂ ಪಟೇಲರ ರಕ್ತ ಅಲ್ವನಮ್ಮ?"

ಗಿರಿಜೆ ಈ ಸಲ ನಗಲಿಲ್ಲ. ಲೋಟ ತೆಗೆದುಕೊಳ್ಳಲು ಬಗ್ಗಿದವಳು ನೆಟ್ಟಗೆ ನಿಂತಳು.

"ಆವತ್ತು ಕೂತಷ್ಟು ಹೊತ್ತೂ ನನ್ ಕಾಲು ನಡುಗ್ತಿತ್ತು ಮಾವ. ರಕ್ತದಲ್ಲೇ ಬಂದಿದ್ರೆ ಯಾಕೆ ನಡುಗ್ಬೇಕಿತ್ತು?"

ಮುದುಕರು ಕಣ್ಣು ಕಿರಿದಾಗಿಸಿದರು. "ನಡುಗಿತ್ತಾ? ನಮಗ್ಯಾರಿಗೂ ಕಾಣ್ಲಿಲ್ಲಲ್ಲೇ."

"ಸೀರೆ ಇತ್ತಲ್ಲ."

ನಾನು ನಗು ತಡೆದುಕೊಂಡೆ. ಅವರೂ ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ. ಅಂಗಳ ನೋಡುತ್ತಾ, ಆ ದಿನ ತಮಗೂ ಬಂದು ಪಕ್ಕದಲ್ಲಿ ಕೂರಬೇಕೆನಿಸಿತ್ತು ಎಂದರು. ಕಾಲು ನಡುಗಿತಂತೆ. ಇದು ನಮ್ಮಂಥವರ ಕೆಲಸವಲ್ಲ, ಅದಕ್ಕೆಲ್ಲ ಪಟೇಲರ ಮನೆತನದವರೇ ಆಗಬೇಕು ಎಂದುಕೊಂಡು ಬೇರೆ ದಾರಿ ಹಿಡಿದು ಮನೆಗೆ ಬಂದರಂತೆ.

ರಾಜರಕ್ತದ ಕಥೆಗಳು ಯಾಕೆ ಇಷ್ಟು ಖರ್ಚಾಗುತ್ತವೆ ಎಂದು ನನಗೆ ಹೊಳೆದದ್ದು ಆಗಲೇ. ಅವು ಧೈರ್ಯವಂತರನ್ನು ದೊಡ್ಡವರನ್ನಾಗಿ ಮಾಡಲು ಹುಟ್ಟಿದವಲ್ಲ, ಉಳಿದವರಿಗೆ ಮನೆಗೆ ಹೋಗಲು ರಜೆ ಕೊಡಲು ಹುಟ್ಟಿದವು. ಆ ಲೇಖಕನ ಮೇಲಿನ ನನ್ನ ಸಿಟ್ಟು ಇದರಿಂದ ಒಂದಿಷ್ಟೂ ಇಳಿಯಲಿಲ್ಲ, ಬದಲಿಗೆ ಅದಕ್ಕೊಂದು ಸರಿಯಾದ ಕಾರಣ ಸಿಕ್ಕಿತು. ಕಾರಣ ಸಿಕ್ಕ ಸಿಟ್ಟು ಹೊರಲು ಹಗುರ. ಗಿರಾಕಿಗಳ ಮೇಲೆ ಇಳಿಸಬೇಕಾಗುವುದಿಲ್ಲ.

ಬಸಣ್ಣ ಮಾವನಿಗೆ ಈ ತಿಪ್ಪವ್ವ ಯಾರೆಂದು ಗಿರಿಜೆಯೇ ಹೇಳಿದಳು. ಪೂರ್ತಿ ಕೇಳಿ, ಅವರು ಕನ್ನಡಕ ಒರೆಸಿಕೊಳ್ಳುತ್ತಾ ಪುಸ್ತಕ ಕೇಳಿದರು. ಅವಳು ಒಳಗೆ ಹೋಗಿ ಮೊದಲ ಭಾಗ ತಂದು ಕೈಗಿಟ್ಟಳು.

ಮೂರನೆಯದಕ್ಕೆ ನಿಲ್ಲಿಸಬೇಕು ಎಂದು ನಾನು ತಾಕೀತು ಮಾಡಿದೆ.