ಪರದೇಶಕ್ಕೆ ಫೋನು ಸಜ್ಜು ಮಾಡುತ್ತಿದ್ದ ಅಕ್ಕ

ಅವರ ಬಲಗಿವಿಯಲ್ಲಿ ಓಲೆಯ ಜಾಗದಲ್ಲಿ ಸಿಮ್ ತೆಗೆಯುವ ಪಿನ್ನು ಇರುತ್ತಿತ್ತು. ಎಡಗಿವಿಯಲ್ಲಿ ಮಾತ್ರ ಬಿಳಿ ಹರಳಿನ ಓಲೆ. ಯಾರಾದರೂ ಫೋನು ಮುಂದೆ ಮಾಡಿದರೆ ಕತ್ತನ್ನು ಕೊಂಚ ಓರೆ ಮಾಡಿ, ಕಿವಿಯಿಂದ ಪಿನ್ನು ಎಳೆದು, ಕೆಲಸ ಮುಗಿದ ಮೇಲೆ ಮತ್ತೆ ಅಲ್ಲೇ ಸಿಕ್ಕಿಸಿಕೊಳ್ಳುತ್ತಿದ್ದರು. ಮೊದಲ ಸಲ ನೋಡಿದವರು ನಗುತ್ತಿದ್ದರು. ಅವರು ನಗುತ್ತಿರಲಿಲ್ಲ.

ಮಾನ್ವಿ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ, ಎರಡು ಹಣ್ಣಿನ ಅಂಗಡಿಗಳ ನಡುವೆ ಅವರ ಫೋನಂಗಡಿ. ಒಳಗೆ ಒಬ್ಬರು ಕೂಡಬಹುದು, ಹೊರಗೆ ಮೂವರು ನಿಲ್ಲಬಹುದು, ಅಷ್ಟೇ. ದೇವದುರ್ಗದ ಕಡೆಯ ಹಳ್ಳಿಯವರು. ತಂದೆತಾಯಿ ಕೂಲಿ ಮಾಡಿ ಎಸ್ಸೆಸ್ಸೆಲ್ಸಿವರೆಗೆ ಓದಿಸಿದ್ದರು. ಆಮೇಲೆ ರಾಯಚೂರಿನ ಒಂದು ರಿಪೇರಿ ಅಂಗಡಿಯಲ್ಲಿ ಆರು ವರ್ಷ ಕೆಲಸ ಮಾಡಿ, ಒಬ್ಬರೇ ಮಾನ್ವಿಗೆ ಬಂದು ಬೋರ್ಡು ಹಾಕಿದರು. ಮದುವೆಯ ವಿಷಯ ಯಾರೂ ಕೇಳುತ್ತಿರಲಿಲ್ಲ, ಅವರೂ ಹೇಳುತ್ತಿರಲಿಲ್ಲ. ಊರಿಗೆಲ್ಲ ಅವರು ಅಕ್ಕ. ಶಾಲೆಯಲ್ಲಿ ಕಲಿಸುವ ನನ್ನನ್ನು ಅವರು ಟೀಚರ್ ಎನ್ನುತ್ತಿದ್ದರು.

ಪರದೇಶಕ್ಕೆ ಹೊರಟವರು ಅವರ ಬಳಿಗೇ ಬರುತ್ತಿದ್ದರು. ಉಮ್ರಾ ಯಾತ್ರೆಗೆ ಹೊರಟ ಹಿರಿಯರು, ದುಬೈ ನೋಡಲು ಹೊರಟ ಹೊಸ ಜೋಡಿ, ಒಮ್ಮೆ ಬ್ಯಾಂಕಾಕಿಗೆ ಹೊರಟ, ಹತ್ತಿರದ ಕುರ್ಡಿ ಊರಿನ ಗೊಬ್ಬರದ ವ್ಯಾಪಾರಿಗಳ ಒಂದು ತಂಡ. ಅಕ್ಕ ಸ್ವತಃ ಹೈದರಾಬಾದು ದಾಟಿದವರಲ್ಲ. ತಿರುಗಿ ಬಂದವರನ್ನು ನಿಲ್ಲಿಸಿಕೊಂಡು ಕೇಳುತ್ತಿದ್ದರು: “ವಿಮಾನ ಇಳಿದು ಫೋನ್ ಚಾಲೂ ಮಾಡಿದ ಕೂಡ್ಲೆ ಪರದೆ ಮ್ಯಾಲೆ ಏನು ಬಂತು? ಆಮ್ಯಾಲೆ ನೀವೇನು ಒತ್ತಿದ್ರಿ?” ಹೇಳಿದ್ದನ್ನು ಒಂದು ಪುಸ್ತಕದಲ್ಲಿ ದೇಶವಾರು ಬರೆದಿಡುತ್ತಿದ್ದರು. ಗುಡಿ, ಸಮುದ್ರ, ಎತ್ತರದ ಕಟ್ಟಡ ಯಾವುದನ್ನೂ ಕೇಳುತ್ತಿರಲಿಲ್ಲ.

ಅಮ್ಮ ತೀರಿಕೊಂಡು ನಾಲ್ಕು ವರ್ಷವಾದ ಮೇಲೆ, ಬೇಸಿಗೆ ರಜೆಯಲ್ಲಿ ಅಪ್ಪನನ್ನು ನೇಪಾಳಕ್ಕೆ ಕರೆದುಕೊಂಡು ಹೋಗಬೇಕೆಂದು ನಾನು ತೀರ್ಮಾನಿಸಿದೆ. ಅಪ್ಪನಿಗೆ ಎಪ್ಪತ್ತಾರು. ಅಲ್ಲಿನ ಮುಕ್ತಿನಾಥನನ್ನು ಕಾಣುವ ಆಸೆ ಹಳೆಯದು. ಮರೆವು ಆಗಷ್ಟೇ ಶುರುವಾಗಿತ್ತು. ಹೊರಡುವ ವಾರ ಇಬ್ಬರೂ ಫೋನು ಹಿಡಿದು ಅಕ್ಕನ ಅಂಗಡಿಗೆ ಹೋದೆವು.

“ಅಲ್ಲಿ ಹೋಗಿ ಅಲ್ಲಿನ ಸಿಮ್ ತಗೋರಿ, ಇಬ್ಬರಿಗೂ ಒಂದೊಂದು,” ಎಂದರು ಅಕ್ಕ. “ಆದ್ರ ಇಲ್ಲಿನ ನಂಬರ್ ಹತ್ತು ಅಂಕಿ ಇದ್ರ ಅಲ್ಲಿಂದ ಫೋನ್ ಹತ್ತಂಗಿಲ್ಲ. ಮುಂದ ಪ್ಲಸ್ ತೊಂಬತ್ತೊಂದು ಇರಬೇಕು. ಹತ್ತು ಮಂದಿ ಹೆಸರು ಹೇಳ್ರಿ, ಹಾಕ್ತೀನಿ.”

“ಹತ್ತೇ ಯಾಕ್ರೀ?”

“ಊರು ಬಿಟ್ಟ ಮ್ಯಾಲೆ ಹತ್ತಕ್ಕಿಂತ ಹೆಚ್ಚು ಮಂದಿ ಬೇಕಾಗಂಗಿಲ್ರೀ.”

ನಾನು ಹೇಳುತ್ತ ಹೋದೆ. ಒಂಬತ್ತಕ್ಕೇ ನಿಂತೆ. ಅವರು ಪಟ್ಟಿಯನ್ನು ಮೇಲಿಂದ ಕೆಳಗೆ ಸರಿಸಿ, “ಇಲ್ಲಿ ಅಣ್ಣ ಅಂತ ಅದ. ಹಾಕ್ಲೇನು?” ಎಂದರು.

“ಬ್ಯಾಡ್ರೀ.”

ಅಣ್ಣ ದೇವದುರ್ಗದಲ್ಲಿ ಔಷಧದ ಅಂಗಡಿಯಲ್ಲಿದ್ದ. ಅಮ್ಮ ಕೊನೆಯ ದಿನಗಳಲ್ಲಿ ಅವನ ಮನೆಯಲ್ಲಿದ್ದಳು. ಎದೆನೋವೆಂದಾಗ ಅವನು ಹೊಟ್ಟೆಯ ಉರಿ ಎಂದು ತಿಳಿದು ಮಾತ್ರೆ ಕೊಟ್ಟ. ರಾಯಚೂರಿಗೆ ತಂದಾಗ ಹೊತ್ತು ಮೀರಿತ್ತು. ಹದಿಮೂರನೆಯ ದಿನ ನೆಂಟರೆಲ್ಲ ಊಟಕ್ಕೆ ಕುಳಿತಿದ್ದಾಗ ನಾನು ಅವನಿಗೆ, “ನೀನೇ ಅಮ್ಮನ್ನ ಕೊಂದಿ” ಎಂದೆ. ಅವನು ಎಲೆಯಿಂದ ಎದ್ದು ಹೋದ. ಅಂದಿನಿಂದ ಮಾತಿರಲಿಲ್ಲ. ಅಪ್ಪ ನನ್ನ ಜೊತೆಗಿದ್ದರು. ನಾನು ಶಾಲೆಗೆ ಹೋದ ಹೊತ್ತು ನೋಡಿಕೊಂಡು ಅವನು ಬಂದು ಹೋಗುತ್ತಿದ್ದ.

ಇದನ್ನೆಲ್ಲ ಅಕ್ಕನಿಗೆ ನಾನು ಹೇಳಲಿಲ್ಲ. ಅವರೂ ಕೇಳದೆ ಅಪ್ಪನ ಗುಂಡಿಯ ಫೋನು ಕೈಗೆತ್ತಿಕೊಂಡರು.

“ಯಪ್ಪಾ, ಎರಡರ ಗುಂಡಿ ಒತ್ತಿ ಹಿಡಿದ್ರ ಟೀಚರಿಗೆ ಹೋಗತದ. ಮೂರು ಒತ್ತಿದ್ರ ಯಾರಿಗೆ ಹೋಗ್ಬೇಕು?”

ಅಪ್ಪ ನನ್ನ ಮುಖ ನೋಡಿದರು. ನಾನು ರಸ್ತೆ ನೋಡಿದೆ. “ಮಗಗ ಹೋಗ್ಲಿ,” ಎಂದರು ಅಪ್ಪ.

ಅಕ್ಕ ಹಾಕಿದರು. ಫೋನಿನ ಬೆನ್ನಿಗೆ ತಮ್ಮ ಅಂಗಡಿಯ ನಂಬರಿನ ಚೀಟಿ ಅಂಟಿಸಿದರು. ನನಗೆ ಎರಡು ಮಾತು ಹೇಳಿದರು: ಅಲ್ಲಿ ಹೊಸ ಸಿಮ್ ಹಾಕಿದ ಕೂಡಲೇ ತಮಗೊಂದು ಮಿಸ್ ಕಾಲ್ ಕೊಡಬೇಕು, ನನ್ನ ಹೊಸ ನಂಬರನ್ನು ಅಪ್ಪನ ಎರಡರ ಗುಂಡಿಗೆ ಹಾಕಬೇಕು. ಕಾಠ್ಮಂಡುವಿನಲ್ಲಿ ಮೊದಲನೆಯದನ್ನು ಮಾಡಿದೆ. ಎರಡನೆಯದನ್ನು ಸಂಜೆ ಮಾಡಿದರಾಯಿತು ಎಂದುಕೊಂಡೆ. ಆ ಸಂಜೆಯೂ ಮರೆತೆ, ಮರುದಿನವೂ ಮರೆತೆ.

ಮೂರನೆಯ ದಿನ ಪೊಖರಾದಲ್ಲಿದ್ದೆವು. ಬೆಳಗ್ಗೆ ತಿಂಡಿ ಮುಗಿಸಿ, ಕೆರೆಯ ದಂಡೆಯ ಬೀದಿಯಲ್ಲಿ ನಾನು ಒಂದು ಅಂಗಡಿಯೊಳಗೆ ಶಾಲು ನೋಡುತ್ತಿದ್ದೆ. ಅಪ್ಪ ಬಾಗಿಲಲ್ಲಿ ನಿಂತಿದ್ದರು. ತಿರುಗಿ ನೋಡುವಷ್ಟರಲ್ಲಿ ಇರಲಿಲ್ಲ. ಅವರ ನೇಪಾಳದ ನಂಬರನ್ನೂ ನಾನು ಬರೆದುಕೊಂಡಿರಲಿಲ್ಲ. ಆ ಬೀದಿಯಲ್ಲಿ ಮೂರು ಸಲ ಓಡಾಡಿದೆ. ಸಿಕ್ಕವರಿಗೆಲ್ಲ ನನಗೆ ಬರುವ ಹಿಂದಿಯಲ್ಲಿ ಪಂಚೆ, ಬಿಳಿ ಅಂಗಿ, ಹಣೆಯಲ್ಲಿ ನಾಮ ಎಂದು ಹೇಳಿದೆ. ಕೆರೆಯ ನೀರು ಕಂಡಾಗಲೆಲ್ಲ ಮುಖ ತಿರುಗಿಸಿ ಮುಂದಿನ ಅಂಗಡಿಯಲ್ಲಿ ಕೇಳುತ್ತಿದ್ದೆ. ಮುಕ್ಕಾಲು ಗಂಟೆ ಹಾಗೆ ಕಳೆಯಿತು. ಆಗ ಫೋನು ಬಂತು.

“ನಾನು,” ಎಂದ ಅಣ್ಣ. “ಅಪ್ಪ ದೋಣಿ ಹತ್ತೋ ಕಟ್ಟಿ ಹತ್ರ ಕೂತಾರ. ಬಾಜೂಕ ಮೆಕ್ಕಿಜೋಳದ ತೆನಿ ಸುಡೋ ಹೆಣ್ಮಗಳು ಇದ್ದಾಳ. ಆಕಿ ಕೂಡ ಹಿಂದ್ಯಾಗ ಮಾತಾಡೀನಿ. ನೀ ಬರೋತನಾ ಅಪ್ಪನ್ನ ಬಿಡಂಗಿಲ್ಲ ಅಂದಾಳ. ಸಾವಕಾಶ ಹೋಗು.”

ಅಪ್ಪ ಅಲ್ಲಿಯೇ ಕೂತು ಸುಟ್ಟ ತೆನೆ ತಿನ್ನುತ್ತಿದ್ದರು. ನನ್ನನ್ನು ನೋಡಿ, “ಎಲ್ಲಿ ಹೋಗಿದ್ದಿ?” ಎಂದು ಗದರಿದರು. ಅಣ್ಣ ಇನ್ನೂ ಲೈನಿನಲ್ಲೇ ಇದ್ದ.

“ಸಿಕ್ರು,” ಎಂದೆ.

“ಬಿ.ಪಿ. ಗುಳಿಗಿ ಕೊಟ್ಟೀಯಿಲ್ಲೋ?”

“ಕೊಟ್ಟೀನಿ.”

“ಆತು. ನಾಳೆ ಮತ್ತ ಮಾಡ್ತೀನಿ,” ಎಂದು ಇಟ್ಟ.

ನಡೆದದ್ದು ಹೀಗೆ. ಅಪ್ಪ ಮೊದಲು ಎರಡು ಒತ್ತಿದ್ದರು. ಅದು ಪರ್ಸಿನಲ್ಲಿ ಸುತ್ತಿಟ್ಟಿದ್ದ ನನ್ನ ಹಳೆಯ ಸಿಮ್ಮಿಗೆ ಹೋಯಿತು. ಆಮೇಲೆ ಮೂರು ಒತ್ತಿದರು. ಅಣ್ಣ ಎತ್ತಿದ. ಅವನ ಹತ್ತಿರ ನನ್ನ ಹೊಸ ನಂಬರು ಇರಲಿಲ್ಲ. ಫೋನಿನ ಮೇಲೆ ಏನಾದರೂ ಬರೆದಿದೆಯೇ ಎಂದು ಅವನು ಕೇಳಿದಾಗ, ಅಪ್ಪ ಫೋನು ತಿರುಗಿಸಿ ಚೀಟಿ ಓದಿ ಹೇಳಿದರು. ಅಣ್ಣ ಅಕ್ಕನಿಗೆ ಫೋನು ಮಾಡಿದ. ನನ್ನ ಮಿಸ್ ಕಾಲ್ ಅವರ ಫೋನಿನಲ್ಲಿ ಉಳಿದಿತ್ತು. ಅಕ್ಕ ಎಲ್ಲವನ್ನೂ ಕೇಳಿ, “ನಂಬರ್ ಕೊಡ್ತೀನಿ, ಬರಕೋರಿ. ನೀವೇ ಮಾಡ್ರಿ,” ಎಂದರಂತೆ.

ಊರಿಗೆ ಬಂದ ಮೇಲೆ ಅಂಗಡಿಗೆ ಹೋದೆ. ಅಕ್ಕ ಪುಸ್ತಕದಲ್ಲಿ ನೇಪಾಳದ ಹಾಳೆ ತೆಗೆದು, ಯಾವ ಊರಿನಲ್ಲಿ ಸಿಗ್ನಲ್ ಎಷ್ಟಿತ್ತು ಎಂದು ಬರೆದುಕೊಂಡರು. ಎಲ್ಲ ಮುಗಿದ ಮೇಲೆ ನಾನು ಕೇಳಿದೆ:

“ಅಕ್ಕ, ಅವತ್ತು ನೀವೇ ನನಗ ಫೋನ್ ಮಾಡ್ಬಹುದಿತ್ತಲ್ರೀ?”

“ಮಾಡ್ಬಹುದಿತ್ತು,” ಎಂದು ಅವರು ನನ್ನ ಹಿಂದೆ ನಿಂತಿದ್ದವರ ಕಡೆ ಕೈ ಚಾಚಿದರು. “ಕೊಡ್ರಿ, ನಿಮ್ದೇನು ನೋಡೋಣು.”

ಆಮೇಲೂ ವರ್ಷಗಟ್ಟಲೆ ಆ ಅಂಗಡಿಗೆ ಹೋಗುತ್ತಿದ್ದೆ. ನಮ್ಮ ಮನೆಯ ಮಾತು ಮತ್ತೆ ಬರಲಿಲ್ಲ. ಕಳೆದ ಮಳೆಗಾಲದಲ್ಲಿ ಅಕ್ಕನಿಗೆ ಕಾಮಾಲೆ ಆಯಿತು. ಅಂಗಡಿ ಹದಿನೈದು ದಿನ ಮುಚ್ಚಿತ್ತು. ಗುಣವಾಗಿ ಬರುತ್ತಾರೆ ಎಂದೇ ಅಕ್ಕಪಕ್ಕದ ಹಣ್ಣಿನವರು ಹೇಳುತ್ತಿದ್ದರು. ಒಂದು ಮಧ್ಯಾಹ್ನ ಆ ಹಣ್ಣಿನವರೇ ಶಾಲೆಗೆ ಫೋನು ಮಾಡಿ, ಅಕ್ಕ ಊರಲ್ಲಿ ತೀರಿಕೊಂಡರೆಂದು ತಿಳಿಸಿದರು.

ನಾನು ದೇವದುರ್ಗದವರೆಗೆ ಬಸ್ಸಿನಲ್ಲಿ ಹೋದೆ. ಅಲ್ಲಿಂದ ಹಳ್ಳಿಗೆ ಅಣ್ಣ ಬೈಕಿನಲ್ಲಿ ಕರೆದುಕೊಂಡು ಹೋದ. ಅಕ್ಕನನ್ನು ಮಣ್ಣು ಮಾಡಿ ಆಗಿತ್ತು. ಪಡಸಾಲೆಯಲ್ಲಿ ಅಕ್ಕನ ತಾಯಿ ಚಾಪೆಯ ಮೇಲೆ ಕುಳಿತಿದ್ದರು. ಕಣ್ಣು ಅಷ್ಟಾಗಿ ಕಾಣದು.

“ನೀವು ಯಾರ ಪೈಕಿ, ಯವ್ವಾ?” ಎಂದು ಕೇಳಿದರು.

“ಪೈಕಿ ಅಲ್ರೀ. ಅಂಗಡಿಗೆ ಬರ್ತಿದ್ದೆ,” ಎಂದೆ.

“ಇವ್ರು?”

“ನಾ ಅವರ್ನ ನೋಡಿಲ್ರೀ,” ಎಂದ ಅಣ್ಣ. “ಒಮ್ಮೆ ಫೋನಿನಾಗ ಎರಡು ನಿಮಿಷ ಮಾತಾಡಿದ್ದೆ.”

ಮುದುಕಿ ಗೋಡೆಯ ಕಡೆ ಸರಿದು ಚಾಪೆಯ ಮೇಲೆ ಜಾಗ ಮಾಡಿದರು. ಅಣ್ಣನೂ ನಾನೂ ಒಬ್ಬರ ಪಕ್ಕ ಒಬ್ಬರು ಕುಳಿತೆವು. ಅಮ್ಮ ಹೋದಾಗ ನಾವು ಹಾಗೆ ಕುಳಿತಿರಲಿಲ್ಲ.